ಪಕ್ಕದ ಮನೇಲಿ ದೀಪ ಇದೆಯಾ

ಕರೆಂಟು ಹೋದಾಗ ನಮ್ಮೂರ ಮಂದಿ ಮೊದಲು ಮಾಡುವುದು
ಮೇಣದಬತ್ತಿ ಹುಡುಕುವ ಕೆಲಸವಲ್ಲ;
ಬಾಗಿಲು ತೆಗೆದು ಬೀದಿ ನೋಡುತ್ತಾರೆ.
ಪಕ್ಕದ ಮನೇಲೂ ಕತ್ತಲೆಯೆಂದರೆ ಒಂಥರಾ ಸಮಾಧಾನ.
ಅಲ್ಲಿ ದೀಪ ಉರಿಯುತ್ತಿದ್ದರೆ ಮಾತ್ರ
ನನಗೆ ಫೋನು ಬರುತ್ತದೆ.

ಇಪ್ಪತ್ತೆರಡು ವರ್ಷದಿಂದ ಮತ್ತೀಕೆರೆಯ ಕಂಬ ಹತ್ತಿದವನು ನಾನು.
ಯಾವ ಕತ್ತಲೆ ಎಲ್ಲಿಂದ ಬಂತೆಂದು
ಬೈಕಿನಿಂದ ಇಳಿಯುವ ಮುಂಚೆಯೇ ಹೇಳುತ್ತಿದ್ದೆ.

ಚೀಟಿ ಹಣ ಮುಳುಗಿದ ವರ್ಷ ಚೆನ್ನಾಗಿ ನೆನಪಿದೆ.
ಎರಡೂಮುಕ್ಕಾಲು ಲಕ್ಷ ನುಂಗಿ ಭಾಮೈದ ಹೊಸೂರು ಕಡೆ ಮಾಯ.
ಅವನ ಏಳು ತಲೆಮಾರಿಗೆ ಶಾಪ ಹಾಕಿದೆ,
ಹಾಕುತ್ತಲೇ ಪುಳಿಯೋಗರೆ ಎರಡನೇ ಸಲ ಬಡಿಸಿಕೊಂಡೆ.
ಜವರ ಏನೋ ಪೋಲಿ ಮಾತಾಡಿದರೆ
ಕಣ್ಣೊರೆಸಿಕೊಂಡು ನಗುತ್ತಿದ್ದೆ, ಮತ್ತೆ ಲೆಕ್ಕ ಹಾಕಿ ಅಳುತ್ತಿದ್ದೆ.
ಆ ನೋವಿಗೆ ಅಸಲಿತ್ತು, ಬಡ್ಡಿಯಿತ್ತು,
ಯಾರ ಕಾಲರು ಹಿಡಿಯಬೇಕೆಂಬ ವಿಳಾಸವಿತ್ತು.

ಇದು ಹಾಗಲ್ಲ.

ಇದು ಬಂದಾಗ ಹಣ ವಾಪಸಾಗಿತ್ತು, ಕಂತಿನಲ್ಲಾದರೂ ಪೂರ್ತಿ.
ಮಗಳು ಇಂಚರ ನರ್ಸಿಂಗ್ ಮುಗಿಸಿದ್ದಳು.
ಮನೆ ಓನರು ಕೂಡ ಆ ವರ್ಷ ಬಾಡಿಗೆ ಏರಿಸಲಿಲ್ಲ.
ಆದರೂ ರಾತ್ರಿ ಮೂರಕ್ಕೆ ಎಚ್ಚರ,
ಹಾಲಿನ ವ್ಯಾನು ಕ್ರೇಟು ಇಳಿಸುವ ತನಕ ಸುಮ್ಮನೆ ಫ್ಯಾನು ನೋಡುವುದು.
ಬೂಟಿನ ಲೇಸು ಕಟ್ಟಲು ಕೂತರೆ
ಒಂದು ಕಾಲಾದ ಮೇಲೆ ಇನ್ನೊಂದು ಕಾಲೂ ಇದೆಯಲ್ಲ ಎಂದೇ ದಣಿವು.

ಡಿಸೆಂಬರಿನಲ್ಲಿ ಚಿಕ್ಕತಾಯಿ ಅವರೆಕಾಯಿ ತಂದಳು.
ಒಂದು ಕಾಯಿ ಮುರಿದು ನನ್ನ ಮೂಗಿಗೆ ಹಿಡಿದು
"ಸೊಗಡು ನೋಡಿ" ಅಂದಳು.
"ಹ್ಞೂಂ" ಅಂದೆ.
ಮದುವೆಯಾದಾಗಿನಿಂದ ಅವಳಿಗೆ ಹೇಳಿದ ದೊಡ್ಡ ಸುಳ್ಳು ಅದೇ.

"ನಿಮಗೇನು ಕಮ್ಮಿಯಾಗಿದೆ?"
ಕೇಳಿದ್ದು ಜಗಳಕ್ಕಲ್ಲ, ನಿಜವಾಗಲೂ ತಂದುಕೊಡೋಣ ಅಂತ,
ಅಂಗಡಿಗೆ ಹೊರಟವಳ ಹಾಗೆ ಕೈಯಲ್ಲಿ ಬ್ಯಾಗು ಹಿಡಿದು.
ನನ್ನ ಹತ್ತಿರ ಪಟ್ಟಿ ಇರಲಿಲ್ಲ.

ಮಾರ್ಚಿನಲ್ಲಿ ಜವರ ಕಂಬದಿಂದ ಬಿದ್ದ.
ಹೆಗಲು ಕೊಟ್ಟೆ. ಎಲ್ಲರೂ ಅತ್ತರು.
ನಾನು ಅವನ ಇನ್ನೊಂದು ಚಪ್ಪಲಿ ಎಲ್ಲಿ ಎಂದು ಯೋಚಿಸುತ್ತಿದ್ದೆ,
ಅದನ್ನೂ ಪೂರ್ತಿಯಾಗಿ ಅಲ್ಲ.

ಇಂಚರ ಹಿಡಿದ ಹಠಕ್ಕೆ ನಿಮ್ಹಾನ್ಸ್. ಉದ್ದ ಸಾಲು, ಹಸಿರು ಚೀಟಿ.
ಡಾಕ್ಟರ್ ನಿಖತ್ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು.
"ಏನು ಸರಿಹೋದರೆ ನೀವು ಸರಿಹೋಗುತ್ತೀರಿ?"
"ಎಲ್ಲಾ ಸರಿಹೋಗಿದೆ ಮೇಡಂ."
ಬರೆಯುತ್ತಿದ್ದ ಪೆನ್ನು ನಿಂತಿತು.
"ಸ್ನೇಹಿತರು ತೀರಿಕೊಂಡ ಮೇಲೆ ಶುರುವಾಯಿತಾ?"
"ಅದಕ್ಕೂ ನಾಲ್ಕು ತಿಂಗಳು ಮುಂಚೆ."
ನಿದ್ದೆ, ಹಸಿವು, ಎಷ್ಟು ವಾರ, ಥೈರಾಯಿಡ್‌ಗೆ ರಕ್ತ,
ಕಂಬದ ಮೇಲೆ ಬೇಕೆಂದೇ ಬೆಲ್ಟು ಕಟ್ಟದೆ ನಿಂತದ್ದುಂಟಾ?
ಒಂದು ಸಲ, ಅಂದೆ.
ಮಗಳು ಕಿಟಕಿ ಕಡೆ ತಿರುಗಿದಳು.

ನನ್ನ ಭಾಷೆಯಲ್ಲೇ ಹೇಳಿದೆ:
ಇದು ಬೀದಿಗೆ ಬೀದಿಯೇ ಹೋದದ್ದಲ್ಲ ಮೇಡಂ, ನಮ್ಮನೆ ಫ್ಯೂಸು.
ನಕ್ಕರು. "ಬೀದಿಯದ್ದು ಹೋಗಿ ಬಂದು ಹೋಗಿ ಬಂದು
ಮನೆಯದ್ದೂ ಸುಡುತ್ತೆ ಅಲ್ವಾ? ಯಾವಾಗಲೂ ಗೆರೆ ಎಳೆಯೋಕಾಗಲ್ಲ."
ನಿಜ. ಎಷ್ಟು ಮಿಕ್ಸಿ, ಎಷ್ಟು ಟೀವಿ ನೋಡಿಲ್ಲ ನಾನು.

ಮಾತ್ರೆ. ಮೊದಲೆರಡು ವಾರ ಬಾಯಿ ಒಣಗಿದ್ದೊಂದೇ ಲಾಭ.
ಐದನೇ ವಾರವೋ ಆರನೆಯದೋ,
ಗೋಕುಲದ ಹತ್ತಿರ ಟೀ ಅಂಗಡಿಯಲ್ಲಿ
ಹೊಸ ಹುಡುಗನ ಸೊಂಟದಲ್ಲಿ ಕಟಿಂಗ್ ಪ್ಲೇಯರು ಕಂಡೆ,
ಹಿಡಿಗೆ ಕೆಂಪು ಟೇಪು ಸುತ್ತಿದ್ದು.
ಹಲ್ಲಲ್ಲಿ ಕಚ್ಚಿ ಹರಿದ ಟೇಪು, ತುದಿ ಅಂಕುಡೊಂಕು.
ಅಲ್ಲೇ, ಲೋಟ ಹಿಡಿದುಕೊಂಡೇ, ಗೊಳೋ ಎಂದು ಅತ್ತುಬಿಟ್ಟೆ.

"ಏನಾಯ್ತಣ್ಣಾ?" ಹುಡುಗನಿಗೆ ಗಾಬರಿ.
"ಜವರ ಸತ್ತೋದ ಕಣೋ" ಅಂದೆ,
ಈಗಷ್ಟೇ ಸುದ್ದಿ ಬಂದವನ ಹಾಗೆ.

ಟೀಗೆ ಶುಂಠಿ ಜಾಸ್ತಿ ಹಾಕಿದ್ದ.